ಕಾರಿನ ಟಾಪ್ ಮೇಲಿನ ಸ್ಕ್ಯಾನರ್ ಆಂಟೆನಾ: ಬಾಡಿ ಅರ್ಥ್ ಕೊಡಬೇಕಾ, ಬೇಡವಾ?

ರಘು_ಫೋಲ್ಸಮ್

ಎಲ್ಲರಿಗೂ ನಮಸ್ಕಾರ. ನಾನಿರೋದು ಉತ್ತರ ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲಿ. 2021ರ ಆಗಸ್ಟ್‌ನಲ್ಲಿ ಕಾಲ್ಡೋರ್ ಕಾಡ್ಗಿಚ್ಚು ಎದ್ದಾಗ ಗ್ರಿಜ್ಲಿ ಫ್ಲ್ಯಾಟ್ಸ್ ಅನ್ನೋ ಊರು ಬಹುಪಾಲು ಸುಟ್ಟುಹೋಯ್ತು. ತಿಂಗಳ ಕೊನೆಗೆ ಸೌತ್ ಲೇಕ್ ಟಾಹೋದವರನ್ನೂ ಮನೆ ಬಿಡಿಸಿದ್ರು. ಆ ದಿನಗಳಲ್ಲಿ ಫೋನಿಗೆ ಸುದ್ದಿ ಬರೋ ಹೊತ್ತಿಗೆ ಸ್ಕ್ಯಾನರ್ (ಪೊಲೀಸ್, ಅಗ್ನಿಶಾಮಕದವರ ವೈರ್‌ಲೆಸ್ ಮಾತು ಕೇಳೋ ರೇಡಿಯೋ) ಇಟ್ಟುಕೊಂಡವರು ಯಾವ ರಸ್ತೆ ಕಡೆ ಬೆಂಕಿ ತಿರುಗಿದೆ ಅಂತ ಆಗಲೇ ಹೇಳ್ತಿದ್ರು. ಆವಾಗ ಹಿಡಿದ ಹುಚ್ಚು ಇದು.

ಈಗ ಕಾರಿನಲ್ಲಿ ಯೂನಿಡೆನ್ ಎಸ್‌ಡಿಎಸ್200 ಸ್ಕ್ಯಾನರ್ ಇದೆ. ಇಲ್ಲಿ ಪೊಲೀಸರ ಮಾತು ಎಷ್ಟೋ ಕಡೆ ಎನ್‌ಕ್ರಿಪ್ಟ್ ಆಗಿದೆ (ಹೊರಗಿನವರಿಗೆ ತಿಳಿಯದ ಹಾಗೆ ಗೂಢ ಮಾಡಿದ್ದಾರೆ), 2020ರಲ್ಲಿ ರಾಜ್ಯದ ನ್ಯಾಯ ಇಲಾಖೆಯ ಸುತ್ತೋಲೆ ಬಂದ ಮೇಲೆ. ನನಗೆ ಬೇಕಿರೋದು ಬೇರೆ: 151 ಮೆಗಾಹರ್ಟ್ಜ್ ಸುತ್ತ ಇರೋ ಕ್ಯಾಲ್ ಫೈರ್ ಅಂದ್ರೆ ರಾಜ್ಯದ ಅಗ್ನಿಶಾಮಕ ಇಲಾಖೆ, ನೀರು-ಔಷಧಿ ಸುರಿಯೋ ವಿಮಾನಗಳ ಏರ್‌ಬ್ಯಾಂಡ್, ಮತ್ತೆ ಹೆದ್ದಾರಿ ಗಸ್ತಿನವರು ಅಂದ್ರೆ ಸಿಎಚ್‌ಪಿ. ಅವರು ಇನ್ನೂ 39ರಿಂದ 46 ಮೆಗಾಹರ್ಟ್ಜ್ ಲೋ ಬ್ಯಾಂಡ್‌ನಲ್ಲೇ ಇದ್ದಾರೆ.

ತೊಂದರೆ ಏನಂದ್ರೆ, ಹೈವೇ 50ರಲ್ಲಿ ಪ್ಲಾಸರ್‌ವಿಲ್ ದಾಟಿ ಬೆಟ್ಟ ಹತ್ತೋಕೆ ಶುರು ಮಾಡಿದ್ರೆ ಕ್ಯಾಲ್ ಫೈರ್ ಬರೀ ಸುಯ್ ಅನ್ನುತ್ತೆ. ಸಿಎಚ್‌ಪಿ ಅಂತೂ ಉಸಿರೇ ಇಲ್ಲ. ಮ್ಯಾಗ್ನೆಟ್ ಬೇಸಿನ ಆಂಟೆನಾ ಹಾಕಿದ್ದೀನಿ. ಪರಿಚಯದವರೊಬ್ಬರು, "ಮ್ಯಾಗ್ನೆಟ್ ಅಡಿ ಪೇಂಟ್ ಇದೆಯಲ್ಲ, ಅರ್ಥ್ ಆಗೋದು ಹೇಗೆ? ಪೇಂಟ್ ಕೆರೆದು, ಬೇಸಿಂದ ಒಂದು ತಂತಿ ತಂದು ಬಾಡಿ ಬೋಲ್ಟಿಗೆ ಕಟ್ಟು" ಅಂದ್ರು. ಕಾರು ಲೀಸ್‌ದು. ಪೇಂಟ್ ಕೆರೆದ್ರೆ ಕಂಪನಿಯವರು ಬಿಲ್ ಹಾಕ್ತಾರೆ, ಹೆಂಡತಿ ಮನೆಯಿಂದ ಹೊರಗೆ ಹಾಕ್ತಾಳೆ. ತಂತಿ ಕಟ್ಟಿದ್ರೆ ನಿಜವಾಗ್ಲೂ ಉಪಯೋಗ ಇದೆಯಾ?

ಬಾಡಿಅರ್ಥ್_ಮೈಸೂರು

ಸರ್, ತಂತಿ ವಿಷಯ ಆಮೇಲೆ. ಮೊದಲು ಇಷ್ಟು ಹೇಳಿ. ಮ್ಯಾಗ್ನೆಟ್ ಎಷ್ಟು ದಪ್ಪ, ಎಷ್ಟು ಅಗಲ? ಟಾಪ್ ಮೇಲೆ ಎಲ್ಲಿ ಕೂರಿಸಿದ್ದೀರಿ? ಸನ್‌ರೂಫ್ ಇದೆಯಾ? ಕೇಬಲ್ ಸಣ್ಣದಾ, ಪೆನ್ಸಿಲ್ ಗಾತ್ರದ್ದಾ? ಸ್ಕ್ಯಾನರ್‌ಗೆ ಕರೆಂಟ್ ಎಲ್ಲಿಂದ? ಇಂಜಿನ್ ಆಫ್ ಮಾಡಿದಾಗ ಏನಾದ್ರೂ ವ್ಯತ್ಯಾಸ ಗೊತ್ತಾಗುತ್ತಾ?

ಆಂಬುಲೆನ್ಸು, ಸೆಕ್ಯುರಿಟಿ ಗಾಡಿಗಳಿಗೆ ಲೈಸೆನ್ಸ್ ಇರೋ ಸೆಟ್ ಕೂರಿಸೋದೇ ನನ್ನ ಕೆಲಸ. ಬರೋರೆಲ್ಲ "ಏರಿಯಲ್ ಸರಿ ಇಲ್ಲ" ಅಂತಾನೇ ಬರ್ತಾರೆ. ಬಿಚ್ಚಿ ನೋಡಿದ್ರೆ ಎಷ್ಟೋ ಸಲ ಏರಿಯಲ್ ಚೆನ್ನಾಗೇ ಇರುತ್ತೆ.

ಹುಬ್ಳಿ_ಮಂದಿ

ಇದರಾಗ ಇಷ್ಟ್ಯಾಕ ವಿಚಾರ ಮಾಡ್ತೀರಿ? ಅರ್ಥ್ ಇಲ್ಲದ ಯಾವ ಏರಿಯಲ್ಲೂ ನೆಟ್ಟಗ ಕೆಲಸ ಮಾಡಂಗಿಲ್ಲ. ನಮ್ಮ ಅಪ್ಪಾರು ಮನಿ ಮ್ಯಾಲಿನ ಏರಿಯಲ್ಲಿಗೆ ತಾಮ್ರದ ತಂತಿ ಬಿಟ್ಟು ನೆಲದಾಗ ಹುಗದಿದ್ರು. ತಂತಿ ಕಟ್ರಿ, ಮುಗೀತು.

ಆದ್ರ ನನಗೂ ಒಂದು ಪ್ರಶ್ನೆ ಐತಿ. ಗಾಡಿ ನಿಂತಿರೋದು ರಬ್ಬರ್ ಟೈರ್ ಮ್ಯಾಲೆ. ಬೋಲ್ಟಿಗೆ ಕಟ್ಟಿದ್ರೂ ನೆಲಕ್ಕ ಅರ್ಥ್ ಎಲ್ಲಿಂದ ಬರ್ತದ?

ತರಂಗಿಣಿ

ಹುಬ್ಬಳ್ಳಿಯವರ ಕೊನೆಯ ಪ್ರಶ್ನೆಯಿಂದಲೇ ಹಿಡಿಯುತ್ತೇನೆ, ಉತ್ತರ ಅಲ್ಲೇ ಇದೆ. ನೆಲಕ್ಕೆ ಅರ್ಥ್ ಬರುವುದೇ ಇಲ್ಲ, ಬರಬೇಕಾಗಿಯೂ ಇಲ್ಲ. ನಿಮ್ಮ ತಂದೆಯವರು ಹೂಳಿದ ತಂತಿ ಟಿವಿ ಏರಿಯಲ್‌ದಾದರೆ, ಅದು ಸಿಡಿಲಿನಿಂದ ಕಾಪಾಡಲು, ರಿಸೆಪ್ಷನ್‌ಗಲ್ಲ.

ಕಾರಿನ ಮೇಲೆ ನೆಟ್ಟ ಕಡ್ಡಿ ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಅದರ ಕೆಳಗಿನ ತಗಡು. ಕೋಲಾಟಕ್ಕೆ ಎರಡು ಕೋಲು ಬೇಕಲ್ಲ, ಹಾಗೆ. ಕಡ್ಡಿಯ ಉದ್ದ ತರಂಗದ ಕಾಲು ಭಾಗ ಅಂದುಕೊಳ್ಳಿ. ಲೆಕ್ಕ ಸುಲಭ, 75ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಬರುತ್ತದೆ. 151ಕ್ಕೆ ಸುಮಾರು 50 ಸೆಂಟಿಮೀಟರ್. ಅದರ ಬುಡದ ಸುತ್ತಲೂ ಅಷ್ಟೇ ದೂರ ತಗಡು ಹರಡಿದ್ದರೆ ಚೆನ್ನ, ಅಂದರೆ ಒಂದು ಮೀಟರ್ ಅಗಲದ ಟಾಪು. 850 ಮೆಗಾಹರ್ಟ್ಜ್‌ಗೆ ಒಂಬತ್ತು ಸೆಂಟಿಮೀಟರ್ ಸಾಕು. ಸಿಎಚ್‌ಪಿಯ 42ಕ್ಕೆ? ಸುಮಾರು 1.8 ಮೀಟರ್. ಯಾವ ಕಾರಿನ ಟಾಪೂ ಅಷ್ಟಿಲ್ಲ. ಸಿಎಚ್‌ಪಿ ಕೇಳಿಸದಿರುವುದಕ್ಕೆ ಒಂದು ಕಾರಣ ಇಲ್ಲೇ ಸಿಕ್ಕಿತು.

ಈಗ ಪೇಂಟ್ ವಿಷಯ. ಕೇಬಲ್‌ನ ಹೊರಜಾಲರಿ ಮ್ಯಾಗ್ನೆಟ್ ಬೇಸಿನ ಲೋಹಕ್ಕೆ ಕೂಡಿರುತ್ತದೆ. ಆ ಲೋಹ, ಕೆಳಗಿನ ತಗಡು, ನಡುವೆ ಪೇಂಟ್ ಮತ್ತು ಬೇಸಿನ ರಬ್ಬರ್ ಪದರ: ಇದು ಒಂದು ಕೆಪ್ಯಾಸಿಟರ್, ಅಂದರೆ ಬ್ಯಾಟರಿ ಕರೆಂಟನ್ನು ತಡೆದು ರೇಡಿಯೋ ಸಿಗ್ನಲ್ಲನ್ನು ದಾಟಿಸುವ ಜೋಡಿ. ಬೇಸ್ 8.5 ಸೆಂಟಿಮೀಟರ್ ಅಗಲ, ನಡುವಿನ ಪದರ 0.3 ಮಿಲಿಮೀಟರ್ ಅಂತ ಇಟ್ಟುಕೊಂಡರೆ ಸುಮಾರು 500 ಪಿಕೋಫ್ಯಾರಡ್ ಬರುತ್ತದೆ. 151 ಮೆಗಾಹರ್ಟ್ಜ್‌ನಲ್ಲಿ ಅದರ ಅಡ್ಡಿ ಎರಡು ಓಮ್ ಆಸುಪಾಸು. ರೇಡಿಯೋ ಸಿಗ್ನಲ್ ಪಾಲಿಗೆ ಅಲ್ಲಿ ಪೇಂಟೇ ಇಲ್ಲ.

ಬೇಸ್ ಮೂರೇ ಸೆಂಟಿಮೀಟರ್ ಆದರೆ? 60 ಪಿಕೋಫ್ಯಾರಡ್ ಚಿಲ್ಲರೆ. 151ರಲ್ಲಿ 17 ಓಮ್, ಹೇಗೋ ನಡೆಯುತ್ತದೆ. 42ರಲ್ಲಿ 60 ಓಮ್. ಅಲ್ಲಿಗೆ ಲೋ ಬ್ಯಾಂಡ್ ಆಸೆ ಬಿಡಬೇಕು.

ಬೇಸಿಂದ ಬೋಲ್ಟಿಗೆ ಕಟ್ಟುವ ತಂತಿ ಎಷ್ಟು ಉದ್ದ ಬಂದೀತು, 30 ಸೆಂಟಿಮೀಟರ್? ಅಷ್ಟು ಉದ್ದದ ಸಾಧಾರಣ ತಂತಿಯ ಇಂಡಕ್ಟೆನ್ಸ್‌ನಿಂದ (ಫ್ರೀಕ್ವೆನ್ಸಿ ಏರಿದಂತೆ ಅಡ್ಡಿ ಹೆಚ್ಚಿಸುವ ಗುಣ) 151ರಲ್ಲಿ 300 ಓಮ್ ಮೀರಿದ ಅಡ್ಡಿ ಬರುತ್ತದೆ. ಎರಡು ಓಮ್‌ನ ದಾರಿ ಇರುವಾಗ 300 ಓಮ್‌ನ ದಾರಿಯಲ್ಲಿ ಯಾರು ಹೋಗುತ್ತಾರೆ? ಮಲ್ಟಿಮೀಟರ್ ಇಟ್ಟು ನೋಡಿದರೆ ಮಾತ್ರ ತಂತಿ "ಸೊನ್ನೆ ಓಮ್" ಅನ್ನುತ್ತದೆ. ಮೀಟರ್ ಹೇಳುವುದು ಬ್ಯಾಟರಿ ಕರೆಂಟಿನ ಕಥೆ, ಸಿಗ್ನಲ್‌ನದಲ್ಲ.

ಆದ್ದರಿಂದ ರಘು ಅವರೇ, ಪೇಂಟ್ ಕೆರೆಯಬೇಡಿ. ಮ್ಯಾಗ್ನೆಟ್ ಅಳತೆ ಹೇಳಿ.

ಹುಬ್ಳಿ_ಮಂದಿ

ಮೇಡಂ, ಲೆಕ್ಕ ಒಪ್ಪಿದೆ. ಆದ್ರ ನಮ್ಮ ಗೆಳೆಯಾ ಒಬ್ಬಾಂವ ತಂತಿ ಕಟ್ಟಿದ ಮ್ಯಾಲೆ ಅವಂದು ಸುಧಾರಿಸಿತ್ತು. ಕಣ್ಣಾರೆ ಕಂಡೀನಿ.

ತರಂಗಿಣಿ

ಸುಧಾರಿಸಿರಲೂಬಹುದು. ಯಾವ ಬ್ಯಾಂಡ್, ಯಾವ ಬೇಸ್, ಎಲ್ಲಿ ಕೂರಿಸಿದ್ದರು ಗೊತ್ತಾದರೆ ಮುಂದೆ ಮಾತಾಡೋಣ.

ರಘು_ಫೋಲ್ಸಮ್

ಟೇಪ್ ಹಿಡಿದು ಅಳೆದೆ. ಮ್ಯಾಗ್ನೆಟ್ ಮೂರು ಸೆಂಟಿಮೀಟರ್‌ಗೆ ಒಂಚೂರು ಜಾಸ್ತಿ. ಟಾಪ್ ಪೂರ್ತಿ ಗಾಜು, ಪನೋರಮಿಕ್. ಮುಂದೆ ವಿಂಡ್‌ಶೀಲ್ಡ್ ಮತ್ತು ಗಾಜಿನ ನಡುವೆ ಒಂದು ಗೇಣು ತಗಡು, ಹಿಂದೆ ಡಿಕ್ಕಿ ಬಾಗಿಲ ಹತ್ತಿರ ಅಂಗೈ ಅಗಲದ್ದು. ಆಂಟೆನಾ ಇರೋದು ಹಿಂದೆ. ಕೇಬಲ್ ಡಿಕ್ಕಿ ಬಾಗಿಲ ರಬ್ಬರ್ ಸಂದಿಯಿಂದ ಒಳಗೆ ಬಂದು, ಸೀಟಿನ ಅಡಿ ಹಾದು ಡ್ಯಾಶ್‌ಬೋರ್ಡಿಗೆ. ಸಣ್ಣ ಕೇಬಲ್, ಐದು ಮೀಟರ್ ಇರಬಹುದು. ಕರೆಂಟ್ ಸಿಗರೇಟ್ ಲೈಟರ್ ಸಾಕೆಟ್‌ನಿಂದ, ಅದೇ ಸಾಕೆಟ್‌ನಲ್ಲಿ ಡ್ಯಾಶ್‌ಕ್ಯಾಮ್ ಚಾರ್ಜರೂ ಇದೆ.

ಇಂಜಿನ್ ಆಫ್ ಮಾಡಿ ನೋಡಿ ಅಂದಿದ್ರಿ. ಇದು ಹೈಬ್ರಿಡ್, ಇಂಜಿನ್ ಯಾವಾಗ ಆನ್ ಯಾವಾಗ ಆಫ್ ಅಂತ ಅದಕ್ಕೇ ಗೊತ್ತು. ಆದ್ರೆ ಪೂರ್ತಿ ಆಫ್ ಮಾಡಿ ಸ್ಕ್ಯಾನರನ್ನ ಬೇರೆ ಬ್ಯಾಟರಿಗೆ ಹಾಕಿದಾಗ ಹವಾಮಾನ ಚಾನೆಲ್ ಜೋರಾಗಲಿಲ್ಲ, ಆದ್ರೆ ಸ್ವಚ್ಛ ಆಯ್ತು.

ಬಾಡಿಅರ್ಥ್_ಮೈಸೂರು

ಸಿಕ್ತು ನೋಡಿ ಸರ್. ಜೋರಾಗಲಿಲ್ಲ, ಸ್ವಚ್ಛ ಆಯ್ತು ಅಂದ್ರಲ್ಲ, ಅದೇ ಕೀಲಿ. ಸಿಗ್ನಲ್ ಬರ್ತಾ ಇದೆ, ಗಾಡಿಯ ಗಲಾಟೆಯಲ್ಲಿ ಮುಳುಗ್ತಾ ಇದೆ.

ಗಲಾಟೆ ಯಾರದ್ದು ಅಂತ ಹಿಡಿಯೋಕೆ ಒಂದು ಉಪಾಯ. ಎಫ್‌ಎಂ ಚಾನೆಲ್‌ನಲ್ಲಿ ಅದು ಸರಿಯಾಗಿ ಕಿವಿಗೆ ಬೀಳಲ್ಲ, ಸ್ಕ್ವೆಲ್ಚ್ (ಮಾತಿಲ್ಲದಾಗ ಸದ್ದು ಮುಚ್ಚೋ ನಿಯಂತ್ರಣ) ತೆಗೆದ್ರೆ ಯಾವಾಗಲೂ ಸುಯ್ ಅನ್ನುತ್ತೆ. ಏರ್‌ಬ್ಯಾಂಡ್‌ಗೆ ಹೋಗಿ, 118ರಿಂದ 137 ಒಳಗೆ ಯಾರೂ ಮಾತಾಡದ ಜಾಗ ಹುಡುಕಿ. ಅದು ಎಎಂ. ಸ್ಕ್ವೆಲ್ಚ್ ಪೂರ್ತಿ ತೆಗೆಯಿರಿ. ಈಗ ಗಾಡಿಯಲ್ಲಿರೋ ಒಂದೊಂದೇ ಸಾಮಾನು ಕಿತ್ತು ಹಾಕಿ. ಡ್ಯಾಶ್‌ಕ್ಯಾಮ್, ಫೋನ್ ಚಾರ್ಜರ್, ಎಲ್‌ಇಡಿ ಲೈಟು, ಹಿಂದಿನ ಸೀಟಿನ ಮಕ್ಕಳ ಟ್ಯಾಬ್. ಕಳ್ಳನ ವೈರ್ ಎಳೆದ ಕ್ಷಣ ಗರಗರ ದಪ್ಪಂತ ಕೆಳಗೆ ಬೀಳುತ್ತೆ, ಹೇಳೋದೇ ಬೇಡ. ಆಮೇಲೆ ಅದರ ವೈರ್‌ನ ನಿಮ್ಮ ಕೇಬಲ್ ಹತ್ತಿರ ತಂದು ದೂರ ಒಯ್ದು ಮಾಡಿ, ಶಬ್ದ ಏರಿಳಿಯುತ್ತೆ. ನನ್ನ ಊಹೆ ಡ್ಯಾಶ್‌ಕ್ಯಾಮ್ ಚಾರ್ಜರ್. 12 ವೋಲ್ಟನ್ನ 5 ವೋಲ್ಟ್ ಮಾಡೋ ಅಗ್ಗದ ಸರ್ಕ್ಯೂಟ್ ಏರ್‌ಬ್ಯಾಂಡ್‌ನಿಂದ ಹಿಡಿದು 160ರವರೆಗೂ ಕಸ ಚೆಲ್ಲುತ್ತೆ. ಕ್ಯಾಮೆರಾ ಮುಂದಿನ ಗಾಜಿಗೆ ಅಂಟಿರುತ್ತೆ, ವೈರು ಟಾಪಿನ ಅಂಚಿನಲ್ಲೇ ಓಡುತ್ತೆ. ಆ ವೈರೇ ಒಂದು ಏರಿಯಲ್ ಆಗಿಬಿಡುತ್ತೆ.

ಕರೆಂಟ್: ಲೈಟರ್ ಸಾಕೆಟ್ ಬಿಡಿ. ಪಾಸಿಟಿವ್ ನೇರ ಬ್ಯಾಟರಿಯಿಂದ, ಬ್ಯಾಟರಿ ಬುಡದಲ್ಲೇ ಫ್ಯೂಸ್. ನೆಗೆಟಿವ್ ವೈರ್‌ನ ಬ್ಯಾಟರಿ ಮೊಳೆಗೆ (ಟರ್ಮಿನಲ್‌ಗೆ) ಕಟ್ಟಬೇಡಿ. ಈಗಿನ ಗಾಡಿಗಳಲ್ಲಿ ಆ ಮೊಳೆ ಮೇಲೆ ಕರೆಂಟ್ ಅಳೆಯೋ ಸೆನ್ಸರ್ ಕೂತಿರುತ್ತೆ, ಅದನ್ನ ತಪ್ಪಿಸಿ ಕರೆಂಟ್ ಹೋದ್ರೆ ಗಾಡಿಯ ಲೆಕ್ಕ ಕೆಡುತ್ತೆ. ಬ್ಯಾಟರಿ ನೆಗೆಟಿವ್ ಬಾಡಿಗೆ ಕೂಡೋ ಬೋಲ್ಟ್ ಇರುತ್ತಲ್ಲ, ಅಲ್ಲಿಗೆ ಕಟ್ಟಿ. ಇದು ನೀವು ಕೇಳಿದ ಬಾಡಿ ಅರ್ಥ್. ಇದು ಬೇಕೇ ಬೇಕು, ಆದ್ರೆ ಇದು ಕರೆಂಟಿನ ಅರ್ಥು, ಏರಿಯಲ್‌ದಲ್ಲ. ಹೈಬ್ರಿಡ್‌ನಲ್ಲಿ ಕಿತ್ತಳೆ ಬಣ್ಣದ ವೈರ್ ಎಲ್ಲಿ ಕಂಡ್ರೂ ಕೈ ಹಾಕಬೇಡಿ, ಅದು ಹೈ ವೋಲ್ಟೇಜ್.

ಮ್ಯಾಗ್ನೆಟ್ಟನ್ನ ಮುಂದಿನ ತಗಡು ಪಟ್ಟಿಗೆ ತನ್ನಿ, ಬೇಸ್ ದೊಡ್ಡದು ತಗೊಳ್ಳಿ. ಕೇಬಲ್ಲೂ ಬದಲಾಯಿಸಿ. ನಿಮ್ಮ ಸಣ್ಣ ಕೇಬಲ್ ಆರ್‌ಜಿ-174 ಜಾತಿದಿರಬೇಕು, ಅದು ಐದು ಮೀಟರ್‌ಗೆ ವಿಎಚ್‌ಎಫ್‌ನಲ್ಲಿ (ನಿಮ್ಮ 151ರ ಆಸುಪಾಸು) ಒಂದೂವರೆ-ಎರಡು ಡಿಬಿ (ಸಿಗ್ನಲ್ ನಷ್ಟದ ಅಳತೆ) ತಿನ್ನುತ್ತೆ, 800ರಲ್ಲಿ ಐದು ಡಿಬಿ ಹತ್ತಿರ. ಅದಕ್ಕಿಂತ ದಪ್ಪನೆಯ ಆರ್‌ಜಿ-58 ಆದ್ರೆ ಹೆಚ್ಚುಕಡಿಮೆ ಅದರ ಅರ್ಧ.

ಮಲೆನಾಡ_ಹ್ಯಾಮ್

ಮುಂದಿನ ಪಟ್ಟಿ ಅಂದಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಆಂಟೆನಾ ಗಾಡಿಯ ಒಂದು ತುದಿಯಲ್ಲಿದ್ರೆ ಅದು ಸುತ್ತಲೂ ಒಂದೇ ಸಮ ಕೇಳಲ್ಲ. ಯಾವ ದಿಕ್ಕಿಗೆ ತಗಡು ಜಾಸ್ತಿ ಹರಡಿದೆಯೋ ಆ ಕಡೆ ಒಂದಿಷ್ಟು ಒಲವು. ಹಿಂದಿನ ಎಡ ಮೂಲೆಯಲ್ಲಿ ಕೂರಿಸಿದ್ರೆ ಮುಂದಿನ ಬಲ ಮೂಲೆ ಕಡೆ ಕಿವಿ ಚುರುಕು. ನಮ್ಮ ಆಗುಂಬೆ ಘಾಟಿಯ ತಿರುವುಗಳಲ್ಲಿ ಇದನ್ನ ಚೆನ್ನಾಗಿ ನೋಡಬಹುದು, ಒಂದು ತಿರುವಿನಲ್ಲಿ ರಿಪೀಟರ್ (ಸಿಗ್ನಲ್ ಮರುಪ್ರಸಾರ ಮಾಡೋ ಟವರ್) ಬರುತ್ತೆ, ಮುಂದಿನದರಲ್ಲಿ ಮಾಯ. ಬೆಟ್ಟವೇ ಅಡ್ಡ ಬಂದಿದ್ದರೆ ಆ ಮಾತು ಬೇರೆ. ನಾವು ಹ್ಯಾಮ್‌ಗಳು, ಅಂದ್ರೆ ಹವ್ಯಾಸಿ ರೇಡಿಯೋದವರು, ಬಳಸೋದು 144ರಿಂದ 146, ರಘು ಅವರ 151ಕ್ಕೆ ತುಂಬ ಹತ್ತಿರ.

ಇನ್ನೊಂದು. "ಹೈ ಗೇನ್" ಅಂತ ಬರೆದ ಉದ್ದದ ಕಡ್ಡಿಗೆ ಮರುಳಾಗಬೇಡಿ. ಐದು-ಎಂಟಾಂಶ ತರಂಗದ್ದು ಬಯಲುಸೀಮೆಗೆ ಬಲು ಒಳ್ಳೆಯದು, ದಾವಣಗೆರೆ-ಚಿತ್ರದುರ್ಗ ರಸ್ತೆಯಲ್ಲಿ ಅದರ ಮುಂದೆ ಬೇರೆ ಬೇಡ. ಗೇನ್ ಅಂದ್ರೆ ಶಕ್ತಿ ಹುಟ್ಟಿಸೋದಲ್ಲ, ದಿಗಂತದ ಕಡೆ ಹಿಂಡೋದು. ಬೆಟ್ಟದ ಬುಡದಲ್ಲಿದ್ದಾಗ ಟವರ್ ಇರೋದು ತಲೆ ಮೇಲೆ. ಅಲ್ಲಿ ಸಾದಾ ಕಾಲು ತರಂಗದ ಕಡ್ಡಿಯೇ ವಾಸಿ. ನಿಮ್ಮ ಸಿಯೆರಾ ಬೆಟ್ಟಕ್ಕೂ ಅದೇ ಹೇಳ್ತೀನಿ.

ಸಾದಾ ಕಡ್ಡಿಯ ಇನ್ನೊಂದು ಲಾಭ: 155ಕ್ಕೆ ಕತ್ತರಿಸಿದ್ದು 465ರ ಹತ್ತಿರ ಮುಕ್ಕಾಲು ತರಂಗ ಆಗಿ ಕೆಲಸ ಮಾಡುತ್ತೆ. ಒಂದು ಕಡ್ಡಿ, ಎರಡು ಬ್ಯಾಂಡು. ಅಲ್ಲಿ ಅದರ ನೋಟ ಒಂಚೂರು ಆಕಾಶದ ಕಡೆ ಇರುತ್ತೆ ಅಷ್ಟೇ.

ಡಲ್ಲಾಸ್_ತಿಪಟೂರು

ಮ್ಯಾಗ್ನೆಟ್, ಮ್ಯಾಗ್ನೆಟ್ ಅಂತ ಎಷ್ಟು ಹೊತ್ತು ಮಾತಾಡ್ತೀರಪ್ಪ. ನನ್ನ ಫೋರ್ಡ್ ಎಫ್-150 ಪಿಕಪ್‌ಗೆ ಮ್ಯಾಗ್ನೆಟ್ ಅಂಟೋದೇ ಇಲ್ಲ. 2015ರಿಂದ ಅದರ ಬಾಡಿ ಅಲ್ಯೂಮಿನಿಯಂ. ತಂದಿಟ್ಟ ಕೂಡಲೇ ಜಾರಿ ಬಿತ್ತು. ತೂತು ಕೊರೆದೆ. ಕೊರೆದ ಮೇಲೆ ಇನ್ನೊಂದು ಯೋಚನೆಯೇ ಬಂದಿಲ್ಲ.

ಹೆದರಿಕೊಳ್ಳುವವರಿಗೆ ವಿಧಾನ ಹೇಳ್ತೀನಿ. ಎನ್‌ಎಂಒ ಅನ್ನೋ ಬೇಸಿಗೆ ಮುಕ್ಕಾಲು ಇಂಚಿನ ತೂತು, 19 ಮಿಲಿಮೀಟರ್. ಮೊದಲು ಒಳಗಿನ ಸೀಲಿಂಗ್ ಬಟ್ಟೆ ಇಳಿಸಿ ಮೇಲೇನಿದೆ ನೋಡಬೇಕು. ಅಡ್ಡಪಟ್ಟಿ, ಲೈಟಿನ ವೈರು, ಪಕ್ಕದಲ್ಲಿ ಕರ್ಟನ್ ಏರ್‌ಬ್ಯಾಗ್. ಏರ್‌ಬ್ಯಾಗ್ ಹತ್ತಿರ ಕೇಬಲ್ ಹಾಯಿಸಿದ್ರೆ ಅದು ಬಿಚ್ಚಿಕೊಳ್ಳೋ ಹೊತ್ತಿಗೆ ಕೇಬಲ್ ನಿಮ್ಮ ಮುಖಕ್ಕೆ. ಟಾಪಿನ ಮಧ್ಯ ಗುರುತು ಹಾಕಿ, ಮಾಸ್ಕಿಂಗ್ ಟೇಪ್ ಅಂಟಿಸಿ, ಎನ್‌ಎಂಒಗೆ ಅಂತಲೇ ಸಿಗೋ ಹೋಲ್‌ಸಾ (ದುಂಡು ತೂತು ಕೊರೆಯೋ ಗರಗಸ) ತಗೊಳ್ಳಿ. ಅದಕ್ಕೊಂದು ಕಾಲರ್ ಇರುತ್ತೆ, ತಗಡು ತೂತಾದ ಕೂಡಲೇ ನಿಲ್ಲುತ್ತೆ, ಸೀಲಿಂಗಿಗೆ ನುಗ್ಗಲ್ಲ. ಜೊತೆಗೆ ಅದರ ಹಲ್ಲು ತೂತಿನ ಅಂಚಿನ ಪೇಂಟನ್ನ ತಾನೇ ಕೆರೆಯುತ್ತೆ. ಲೋಹದ ಚೂರು ಬೀಳದ ಹಾಗೆ ಬುಡಕ್ಕೆ ಗ್ರೀಸ್ ಹಚ್ಚಿ, ನಿಧಾನ ಕೊರೆದು, ಅಂಚಿನ ಮುಳ್ಳು ಅರದಿಂದ ತೆಗೆಯಿರಿ.

ಅರ್ಥ್ ವಿಷಯಕ್ಕೆ ಬಂದ್ರೆ, ಎನ್‌ಎಂಒದಲ್ಲಿ ಅದೇ ಜೀವಾಳ. ಕೆಳಗಿನ ಬಿಲ್ಲೆ ಟಾಪಿನ ಒಳಮೈ ಲೋಹವನ್ನ ಕಚ್ಚಬೇಕು. ಒಳಗಡೆ ಪೇಂಟ್ ಉಳಿದಿದ್ರೆ ಕಚ್ಚಲ್ಲ. ಕೂರಿಸಿ ಆದ ಮೇಲೆ ಮೀಟರ್ ಇಡಿ: ಕನೆಕ್ಟರಿನ ಹೊರಮೈಯಿಂದ ಬಾಡಿಗೆ ಒಂದು ಓಮ್‌ಗಿಂತ ಕಡಿಮೆ ಬರಬೇಕು. ರಬ್ಬರ್ ರಿಂಗಿಗೆ ಸಿಲಿಕಾನ್ ಗ್ರೀಸ್ ಮರೀಬೇಡಿ, ಮಳೆ ನೀರು ಒಳಗೆ ಹೋದ್ರೆ ಕಾಂಟ್ಯಾಕ್ಟ್ ಹಸಿರು ತಿರುಗುತ್ತೆ.

ಬಾಡಿಅರ್ಥ್_ಮೈಸೂರು

ಮೀಟರ್ ವಿಚಾರಕ್ಕೆ ಒಂದು ಸೇರ್ಪಡೆ, ಹೊಸಬರು ಇಲ್ಲಿ ಗಾಬರಿ ಬೀಳ್ತಾರೆ. ಕನೆಕ್ಟರಿನ ನಡುವಿನ ಪಿನ್ನಿಂದ ಹೊರಮೈಗೆ ಅಳೆದಾಗ ಕೆಲವು ಆಂಟೆನಾ ಶಾರ್ಟ್ ತೋರಿಸುತ್ತೆ. ಬುಡದ ಕಾಯಿಲ್‌ನ ಒಂದು ತುದಿ ಹೊರಮೈಗೆ ಕೂಡಿದ್ರೆ ಹಾಗೇ ತೋರಿಸಬೇಕು, ಅದು ಕೆಟ್ಟಿಲ್ಲ. ಸಾದಾ ಕಾಲು ತರಂಗದ ಕಡ್ಡಿಯಲ್ಲಿ ಶಾರ್ಟ್ ಬಂದ್ರೆ ಮಾತ್ರ ಕನೆಕ್ಟರ್ ಬೆಸುಗೆ ನೋಡಿ.

ರಘು_ಫೋಲ್ಸಮ್

ಡಲ್ಲಾಸ್ ಅಣ್ಣ, ಗಾಜಿಗೆ ಹೋಲ್‌ಸಾ ಹಾಕಲಾ? 😀

ಡಲ್ಲಾಸ್_ತಿಪಟೂರು

ಗಾಜಿನ ಟಾಪಿನ ಗಾಡಿ ಲೀಸ್ ತಗೊಂಡು ರೇಡಿಯೋ ಹವ್ಯಾಸ ಇಟ್ಟುಕೊಂಡವರಿಗೆ ನಾನು ಸಲಹೆ ಕೊಡಲ್ಲ, ಸಾಂತ್ವನ ಹೇಳ್ತೀನಿ.

ತಮಾಷೆ ಬಿಡಿ, ಬಾನೆಟ್ ಅಂಚಿಗೆ ಕಚ್ಚಿಸೋ ಲಿಪ್ ಮೌಂಟ್ ಇದೆ. ಅದರ ಕೆಳಗಡೆ ಪುಟ್ಟ ಸ್ಕ್ರೂಗಳು ಬಾನೆಟ್ ಒಳಮೈ ಪೇಂಟನ್ನ ತೂರಿ ಲೋಹ ಮುಟ್ಟುತ್ತೆ. ಗುರುತು ಒಳಗಡೆ ಉಳಿಯುತ್ತೆ, ಬಾನೆಟ್ ಎತ್ತಿದ್ರೆ ಮಾತ್ರ ಕಾಣುತ್ತೆ.

ಮಲೆನಾಡ_ಹ್ಯಾಮ್

ಲಿಪ್ ಮೌಂಟ್ ಅಂದ್ರೆ ಅರ್ಧ ತರಂಗದ ಆಂಟೆನಾವನ್ನೂ ಯೋಚಿಸಿ. ಅದಕ್ಕೆ ಕೆಳಗೆ ತಗಡಿನ ಹಂಗು ಇಲ್ಲ. 151ಕ್ಕೆ ಒಂದು ಮೀಟರ್ ಹತ್ತಿರ ಉದ್ದ ಬರುತ್ತೆ. ಫೈಬರ್ ಟಾಪಿನ ವ್ಯಾನಿಗೂ ಇದೇ ಮದ್ದು.

ತರಂಗಿಣಿ

ಹಂಗು ಪೂರ್ತಿ ಇಲ್ಲ ಅನ್ನಬೇಡಿ, ಕಡಿಮೆ ಅನ್ನಿ. ಬುಡದ ಹೊಂದಿಕೆ ಸರ್ಕ್ಯೂಟ್ ಚೆನ್ನಾಗಿಲ್ಲದಿದ್ದರೆ ಕೇಬಲ್‌ನ ಹೊರಜಾಲರಿಯೇ ಆಂಟೆನಾದ ಭಾಗವಾಗಿ, ಗಾಡಿಯೊಳಗಿನ ಗಲಾಟೆಯನ್ನೆಲ್ಲ ಹೊತ್ತು ತರುತ್ತದೆ. ರಘು ಅವರ ಈಗಿನ ಸಣ್ಣ ಮ್ಯಾಗ್ನೆಟ್‌ನಲ್ಲಿ ಆಗುತ್ತಿರುವುದೂ ಬಹುಶಃ ಇದೇ: ಕೆಳಗೆ ತಗಡು ಸಾಲದು, ಹಾಗಾಗಿ ಐದು ಮೀಟರ್ ಕೇಬಲ್ ಸೀಟಿನಡಿ ಮಲಗಿಕೊಂಡು ತಾನೇ ಕೇಳುತ್ತಿದೆ.

ಮಿನ್ನಿಯಾಪೊಲಿಸ್_ಮಗಳು

ಒಂದು ಮಾತು, ಯಾರೂ ಎತ್ತಲಿಲ್ಲ ಅಂತ. ಅಮೆರಿಕದಲ್ಲಿ ಮನೆಯಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳೋದು ಬೇರೆ, ಕಾರಿನಲ್ಲಿ ಇಟ್ಟುಕೊಳ್ಳೋದು ಬೇರೆ. ನಮ್ಮ ಮಿನ್ನೆಸೋಟ, ನ್ಯೂಯಾರ್ಕ್, ಫ್ಲೋರಿಡಾ, ಇಂಡಿಯಾನ, ಕೆಂಟಕಿ ರಾಜ್ಯಗಳಲ್ಲಿ ಪೊಲೀಸ್ ಚಾನೆಲ್ ಹಿಡಿಯೋ ರಿಸೀವರ್ ವಾಹನದಲ್ಲಿದ್ದರೆ ಅದಕ್ಕೇ ಅಂತ ಕಾನೂನಿದೆ. ಪರ್ಮಿಟ್ಟೋ ಹ್ಯಾಮ್ ಲೈಸೆನ್ಸೋ ಇದ್ದವರಿಗೆ ವಿನಾಯಿತಿ ಇರುತ್ತೆ, ವಿವರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕೇಳೋಕೆ ಅಡ್ಡಿಯಿಲ್ಲ, ಕೇಳಿದ್ದನ್ನ ಅಪರಾಧಕ್ಕೆ ಬಳಸಿದ್ರೆ ಶಿಕ್ಷೆ. ರಸ್ತೆ ಪ್ರವಾಸ ಹೊರಡೋ ಮುಂಚೆ ನೋಡಿಕೊಳ್ಳಿ.

ಹುಬ್ಳಿ_ಮಂದಿ

ಇಲ್ಲೆ ನಾನೂ ಒಂದು ಸ್ಕ್ಯಾನರ್ ತರಿಸಿ ಗಾಡಿಗೆ ಹಾಕಿದ್ರ ನಡೀತದೇನ್ರಿ?

ಮಲೆನಾಡ_ಹ್ಯಾಮ್

ಬೇಡಿ ಸಾಹೇಬ್ರೇ. ನಮ್ಮಲ್ಲಿ ವೈರ್‌ಲೆಸ್ ಸೆಟ್ ಇಟ್ಟುಕೊಳ್ಳೋದಕ್ಕೇ ಪರವಾನಗಿ ಬೇಕು ಅನ್ನೋದು 1933ರ ಕಾಯ್ದೆಯಿಂದಲೂ ಇರೋ ಪದ್ಧತಿ. ಹ್ಯಾಮ್ ಲೈಸೆನ್ಸ್ ಇದ್ರೂ ಅದು ಪೊಲೀಸರ ಮಾತು ಕೇಳೋಕೆ ಕೊಟ್ಟ ಅನುಮತಿ ಅಲ್ಲ, ಹವ್ಯಾಸಿ ಬ್ಯಾಂಡ್‌ಗೆ ಮಾತ್ರ. ಆಸಕ್ತಿ ಇದ್ರೆ ಡಬ್ಲ್ಯುಪಿಸಿಯ (ಕೇಂದ್ರ ಸರ್ಕಾರದ ವೈರ್‌ಲೆಸ್ ಪರವಾನಗಿ ವಿಭಾಗ) ಹ್ಯಾಮ್ ಪರೀಕ್ಷೆ ಕಟ್ಟಿ. ರಿಸ್ಟ್ರಿಕ್ಟೆಡ್ ದರ್ಜೆ ಪಾಸಾದ್ರೂ 144ರಲ್ಲಿ ಮಾತಾಡಬಹುದು. ಬರೀ ಕೇಳೋದಕ್ಕಿಂತ ಅದೇ ಮಜಾ.

ರಘು_ಫೋಲ್ಸಮ್

ಎಲ್ಲ ಮಾಡಿ ನೋಡಿದೆ, ಒಂದೊಂದಾಗಿ ಹೇಳ್ತೀನಿ.

ಏರ್‌ಬ್ಯಾಂಡ್ ಪರೀಕ್ಷೆ ಮೊದಲು ಮಾಡಿದೆ. ಡ್ಯಾಶ್‌ಕ್ಯಾಮ್ ಚಾರ್ಜರ್ ಕಿತ್ತ ಕೂಡಲೇ ಗರಗರ ಅರ್ಧಕ್ಕಿಂತ ಕೆಳಗೆ ಬಿತ್ತು, ಮೈಸೂರಿನವರ ಊಹೆ ಸರಿ. ಆದ್ರೆ ಇನ್ನೊಂದು ಕಳ್ಳ ಇತ್ತು. ಹಿಂದಿನ ಸೀಟಿನಲ್ಲಿ ಮಗಳು ಟ್ಯಾಬ್‌ಗೆ ಹಾಕಿದ್ದ ಚಾರ್ಜರ್. ಅದು 151ರ ಹತ್ತಿರ ಒಂದು ಶಿಳ್ಳೆ ಹೊಡೀತಿತ್ತು, ಟ್ಯಾಬ್ ಚಾರ್ಜ್ ತುಂಬಿದಾಗ ಶಿಳ್ಳೆ ಜಾಗ ಬದಲಾಯಿಸ್ತಿತ್ತು. ಅದು ಕಸದ ಬುಟ್ಟಿಗೆ ಹೋಯ್ತು, ಮಗಳು ಮುನಿಸಿಕೊಂಡಿದ್ದಾಳೆ. ಡ್ಯಾಶ್‌ಕ್ಯಾಮ್‌ಗೆ ಬೇರೆ ಚಾರ್ಜರ್ ಹಾಕಿ, ವೈರಿನ ಎರಡೂ ತುದಿಗೆ ಫೆರೈಟ್ (ಗಲಾಟೆ ತಡೆಯೋ ಉಂಗುರ) ಕಚ್ಚಿಸಿದೆ.

ಆಮೇಲೆ ಒಂಬತ್ತು ಸೆಂಟಿಮೀಟರ್ ಬೇಸು, ಆರ್‌ಜಿ-58 ಕೇಬಲ್, 50 ಸೆಂಟಿಮೀಟರ್‌ಗೆ ಕತ್ತರಿಸಿದ ಸಾದಾ ಕಡ್ಡಿ, ಮುಂದಿನ ಪಟ್ಟಿಯ ನಡುವೆ. ಬದಲಾವಣೆ ನೋಡೋಕೆ ಎನ್‌ಒಎಎ ಅನ್ನೋ ಅಮೆರಿಕ ಸರ್ಕಾರದ ಸಂಸ್ಥೆಯ ಹವಾಮಾನ ಚಾನೆಲ್ ಇಟ್ಟುಕೊಂಡೆ. 162.400ರಿಂದ 162.550 ಒಳಗೆ ಏಳು ಚಾನೆಲ್ ಇವೆ, ಹಗಲು ರಾತ್ರಿ ನಿಲ್ಲದೆ ಬರುತ್ತೆ, ಹಾಗಾಗಿ ಹೋಲಿಕೆ ಸುಲಭ. ಮನೆ ಮುಂದೆ ಒಂದೇ ಗುರುತಿನ ಮೇಲೆ ಕಾರು ನಿಲ್ಲಿಸಿ, ಎಸ್‌ಡಿಎಸ್ ತೋರಿಸೋ ಸಿಗ್ನಲ್ ಅಂಕಿ ನೋಡಿದೆ. ಬೇಸ್ ಹಿಂದಿನಿಂದ ಮುಂದೆ ಬಂದಾಗ ಅಂಕಿ ಸ್ಪಷ್ಟವಾಗಿ ಏರಿತು. ಕಾರನ್ನ ಅಲ್ಲೇ ಹಿಂದುಮುಂದು ತಿರುಗಿಸಿದ್ರೆ ಮತ್ತೆ ಬದಲಾಗುತ್ತೆ, ಮಲೆನಾಡಿನವರು ಹೇಳಿದ ಹಾಗೆ. ಕುತೂಹಲಕ್ಕೆ ಬೇಸಿಂದ ರೂಫ್‌ರ‍್ಯಾಕ್ ಬೋಲ್ಟಿಗೆ ತಂತಿನೂ ಕಟ್ಟಿ ನೋಡಿದೆ, ಪೇಂಟ್ ಮುಟ್ಟದೆ. ಅಂಕಿ ಅಲ್ಲಾಡಲಿಲ್ಲ.

ಪೊಲಾಕ್ ಪೈನ್ಸ್‌ವರೆಗೂ ಕ್ಯಾಲ್ ಫೈರ್ ಈಗ ಸ್ವಚ್ಛ. ಸಿಎಚ್‌ಪಿ ಮಾತ್ರ ಟವರ್ ಕಣ್ಣಿಗೆ ಕಾಣೋ ಜಾಗದಲ್ಲಷ್ಟೇ.

ಡಲ್ಲಾಸ್_ತಿಪಟೂರು

ರಘು, ಸ್ಯಾಕ್ರಮೆಂಟೊ ಕಡೆ ಇಳಿದಾಗ 800 ಮೆಗಾಹರ್ಟ್ಜ್‌ನ ಡಿಜಿಟಲ್ ಚಾನೆಲ್ ಕಡಿದು ಕಡಿದು ಬಂದ್ರೆ ಮತ್ತೆ ಆಂಟೆನಾ ಬದಲಾಯಿಸೋಕೆ ಹೋಗಬೇಡ. ಸೈಮಲ್‌ಕಾಸ್ಟ್‌ನಲ್ಲಿ ನಾಲ್ಕಾರು ಟವರ್ ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತು ಕಳಿಸುತ್ತೆ. ಅವು ಚೂರು ಹಿಂದೆಮುಂದೆ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತೆ. ಸಿಗ್ನಲ್ ಐದು ಕಡ್ಡಿ ತುಂಬಿರುತ್ತೆ, ಮಾತು ಮಾತ್ರ ಬರಲ್ಲ. ಹಳೇ ಸ್ಕ್ಯಾನರ್‌ನವರು ಅರ್ಥ್, ಕೇಬಲ್, ಆಂಪ್ಲಿಫೈಯರ್ ಅಂತ ದುಡ್ಡು ಸುರಿದು ಸೋತದ್ದು ಇದಕ್ಕೇ. ಎಸ್‌ಡಿಎಸ್‌ನ ರಿಸೀವರ್ ಮಾಡಿರೋದೇ ಈ ಕಾಟಕ್ಕೆ, ನಿನಗೆ ಚಿಂತೆ ಕಡಿಮೆ.

ತರಂಗಿಣಿ

ಸಿಎಚ್‌ಪಿ ವಿಷಯಕ್ಕೆ ಬರೋಣ, ಹುಬ್ಬಳ್ಳಿಯವರಿಗೆ ನಾನು ಕೊಡಬೇಕಾದ ಉತ್ತರವೂ ಇದರಲ್ಲೇ ಇದೆ.

42 ಮೆಗಾಹರ್ಟ್ಜ್‌ಗೆ 50 ಸೆಂಟಿಮೀಟರ್ ಕಡ್ಡಿ ತೀರಾ ಗಿಡ್ಡ. ಪೂರ್ಣ ಉದ್ದ 1.8 ಮೀಟರ್, ಅದನ್ನು ಟಾಪಿನ ಮೇಲೆ ನೆಟ್ಟರೆ ಗ್ಯಾರೇಜಿನ ಬಾಗಿಲು ಉಳಿಯುವುದಿಲ್ಲ. ಬುಡದಲ್ಲಿ ಕಾಯಿಲ್ ಇರುವ ಒಂದು ಮೀಟರ್ ಸುಮಾರಿನ ಲೋ ಬ್ಯಾಂಡ್ ಕಡ್ಡಿ ಸಿಗುತ್ತದೆ. ಅದರ ಹಿಡಿತ ಕೆಲವೇ ಮೆಗಾಹರ್ಟ್ಜ್ ಅಗಲ, ಕೇಳಬೇಕಾದ ಚಾನೆಲ್‌ಗೆ ತಕ್ಕಂತೆ ಕತ್ತರಿಸಬೇಕು. ಬರೀ ಕೇಳುವವರಿಗೆ ಅಷ್ಟು ಕಟ್ಟುನಿಟ್ಟು ಬೇಡ.

ಈ ಬ್ಯಾಂಡ್‌ನಲ್ಲಿ ಟಾಪು ಸಾಲದು, ಇಡೀ ಗಾಡಿಯೇ ಆಂಟೆನಾದ ಇನ್ನರ್ಧ. ಬಾನೆಟ್, ಡಿಕ್ಕಿ ಬಾಗಿಲು, ಸೈಲೆನ್ಸರ್ ಕೊಳವೆ, ಎಲ್ಲವೂ ಸೇರಿ. ಆದರೆ ಬಾನೆಟ್ ಬಾಡಿಗೆ ಕೂಡಿರುವುದು ಪೇಂಟ್, ಗ್ರೀಸ್ ಮೆತ್ತಿದ ಹಿಂಜುಗಳ ಮೂಲಕ. ಸೈಲೆನ್ಸರ್ ತೂಗುವುದು ರಬ್ಬರ್ ಕೊಂಡಿಗಳಲ್ಲಿ. ಅವುಗಳ ಸಂಪರ್ಕ ಇದ್ದರೂ ಇತ್ತು, ಇಲ್ಲದಿದ್ದರೂ ಇಲ್ಲ. ಸೈಲೆನ್ಸರ್ ಅಂತೂ ಇಂಜಿನ್ನಿನ ಗಲಾಟೆಯನ್ನು ಹೊತ್ತು ಗಾಡಿಯ ಉದ್ದಕ್ಕೂ ಚಾಚಿಕೊಂಡಿರುತ್ತದೆ. ಇವುಗಳನ್ನು ಅಗಲವಾದ, ಚಿಕ್ಕ ಹೆಣೆದ ಪಟ್ಟಿಯಿಂದ ಬಾಡಿಗೆ ಬಿಗಿದರೆ ಎರಡು ಲಾಭ: ತಗಡು ಒಂದಾಗುತ್ತದೆ, ಗಲಾಟೆ ಇಳಿಯುತ್ತದೆ. ಹಾಗಾಗಿ ಹುಬ್ಬಳ್ಳಿಯವರ ಗೆಳೆಯರದು ಲೋ ಬ್ಯಾಂಡೋ ಬಾನೆಟ್ ಮೌಂಟೋ ಆಗಿದ್ದರೆ, ಕಟ್ಟಿದ ಮೇಲೆ ಸುಧಾರಿಸಿದ್ದು ನಿಜವೇ ಇರಬೇಕು.

ಹುಬ್ಳಿ_ಮಂದಿ

ಫೋನ್ ಹಚ್ಚಿ ಕೇಳಿದೆ ಮೇಡಂ. ಬಾನೆಟ್ ಮ್ಯಾಲೇ ಅಂತ. ಹಾಕಿದ್ದು ತಂತಿನೂ ಅಲ್ಲ, ಇಂಜಿನ್ನಿಂದ ಬಾಡಿಗೆ ಹೋಗ್ತದಲ್ಲ, ಆ ನಮೂನಿ ಹೆಣಿದ ಪಟ್ಟಿ ಅಂತ. ಅಂದ್ರ ನಾ ಹೇಳಿದ್ದು ಅರ್ಧ ಖರೇ ಆತು, ಅರ್ಧಕ್ಕ ಚಹಾ ಕುಡಸ್ರಿ.

ರಘು_ಫೋಲ್ಸಮ್

ಹಾಗಾದ್ರೆ ಬಾನೆಟ್ ಲಿಪ್ ಮೌಂಟ್, ಲೋ ಬ್ಯಾಂಡ್ ಕಡ್ಡಿ, ಜೊತೆಗೆ ಪಟ್ಟಿ. ಎಷ್ಟು ಅಗಲದ್ದು ತರಲಿ, ಎಲ್ಲಿಗೆ ಬಿಗಿಯಲಿ? ಪೇಂಟ್ ಕೆರೀದೆ ಆಗುತ್ತಾ?

ಬಾಡಿಅರ್ಥ್_ಮೈಸೂರು

ಅರ್ಧ ಇಂಚು ಅಗಲದ ತವರ ಲೇಪದ ತಾಮ್ರದ ಹೆಣಿಗೆ ಪಟ್ಟಿ, ಎರಡೂ ತುದಿಗೆ ರಿಂಗ್ ಲಗ್ ಒತ್ತಿಸಿ. ಉದ್ದ ಹತ್ತು-ಹದಿನೈದು ಸೆಂಟಿಮೀಟರ್ ಮೀರಬಾರದು, ಬಾನೆಟ್ ಎತ್ತಿದಾಗ ಎಳೆಯದಷ್ಟು ಸಡಿಲ ಸಾಕು. ಉದ್ದ ಆದಷ್ಟೂ ತರಂಗಿಣಿ ಮೇಡಂ ಹೇಳಿದ ಓಮ್ ಕಥೆ ಮತ್ತೆ ಶುರುವಾಗುತ್ತೆ.

ಕೆರೆಯೋದು ಬೇಡ. ಹಿಂಜಿನ ಎರಡೂ ಕಡೆ ಕಂಪನಿ ಹಾಕಿದ ಬೋಲ್ಟ್ ಇರುತ್ತೆ, ಒಂದು ಬಾನೆಟ್‌ಗೆ, ಒಂದು ಬಾಡಿಗೆ. ಬೋಲ್ಟ್ ತೆಗೆದು, ಲಗ್ ಜೊತೆ ಹಲ್ಲಿರೋ ಸ್ಟಾರ್ ವಾಷರ್ ಹಾಕಿ ಬಿಗಿದ್ರೆ ಬೋಲ್ಟಿನ ತಲೆ ಅಡಿ ಎಷ್ಟು ಬೇಕೋ ಅಷ್ಟು ಕಚ್ಚುತ್ತೆ, ಹೊರಗೆ ಕಾಣಲ್ಲ. ಒಂದು ಸಲಕ್ಕೆ ಒಂದೇ ಬೋಲ್ಟ್ ಬಿಚ್ಚಿ, ಎರಡೂ ಸಡಿಲ ಮಾಡಿದ್ರೆ ಬಾನೆಟ್ ಕೂರೋದು ಸೊಟ್ಟ ಆಗುತ್ತೆ. ಮೊದಲು ಬಾನೆಟ್ ಕಬ್ಬಿಣದ್ದಾ ಅಲ್ಯೂಮಿನಿಯಂದಾ ನೋಡಿ, ನಿಮ್ಮ ಹಳೇ ಮ್ಯಾಗ್ನೆಟ್ಟೇ ಹೇಳುತ್ತೆ. ಅಲ್ಯೂಮಿನಿಯಂ ಆದ್ರೆ ತಾಮ್ರ ನೇರ ತಾಗೋದು ಬೇಡ, ಒದ್ದೆ ಆದಾಗ ತಿನ್ನುತ್ತೆ. ತವರ ಲೇಪದ ಲಗ್ಗೇ ತಗೊಳ್ಳಿ, ಮೇಲೆ ಒಂದಿಷ್ಟು ಗ್ರೀಸ್. ಬಿಗಿದ ಮೇಲೆ ಬಾನೆಟ್‌ನಿಂದ ಬಾಡಿಗೆ ಮೀಟರ್ ಇಡಿ. ಎಡಗಡೆ ಒಂದು ಹಾಕಿ ನೋಡಿ, ಸಾಲದಿದ್ರೆ ಬಲಗಡೆಯೂ.